ಗಿಣಿ ಕರವಸ್ತ್ರದ ಮಿನೆಕೊ

ಸತ್ತ ಮೇಲೆ ತನ್ನ ಮುಖಕ್ಕೆ ಬಿಳಿ ಬಟ್ಟೆ ಬೇಡ, ಹಳದಿ ಗಿಣಿ ಕರವಸ್ತ್ರವನ್ನೇ ಹೊದಿಸಬೇಕು ಎಂದು ಮಿನೆಕೊ ಹೇಳಿದ್ದು ರಾತ್ರಿ ಊಟದ ಹೊತ್ತಿನಲ್ಲಿ, ಅಕ್ಕ ಶಿಗೆಯೊ ಸುಟ್ಟ ಬಂಗುಡೆಯ ಮುಳ್ಳು ಬಿಡಿಸುತ್ತಿದ್ದಾಗ. ಹೊತ್ತುಗೊತ್ತು ನೋಡಿ ಮಾತಾಡುವ ಅಭ್ಯಾಸ ಮಿನೆಕೊಗೆ ಎಂದೂ ಇರಲಿಲ್ಲ.

ಶಿಗೆಯೊಳ ಕೈಯಲ್ಲಿದ್ದ ಊಟದ ಕಡ್ಡಿ ಬಟ್ಟಲಿಗೆ ಬಿತ್ತು. "ಬಿಡ್ತು ಅನ್ನು! ಅನ್ನದ ಮುಂದೆ ಕೂತು ಆಡೋ ಮಾತಾ ಇದು?"

"ಬಿಡ್ತು ಅಂತ ಬೇಕಾದ್ರೆ ನೂರು ಸಲ ಅಂತೀನಿ ಅಕ್ಕ. ಆದ್ರೆ ಗಿಣೀದೇ ಹಾಕ್ಬೇಕು."

"ಹೆಣದ ಮುಖದ ಮೇಲೆ ಯಾರಾದ್ರೂ ಗಿಣಿ ಕೂರಿಸ್ತಾರೇನೇ? ನೋಡೋಕೆ ಬಂದೋರು ಅಳಬೇಕಾ, ನಗಬೇಕಾ?"

"ನಕ್ಕೊಂಡೇ ಹೋಗ್ಲಿ. ಅವರಪ್ಪನ ಮನೆ ಗಂಟೇನು ಹೋಗುತ್ತೆ?"

ಮಾತು ಹುಡುಗಾಟದ್ದಲ್ಲ. ಮಿನೆಕೊಗೆ ಎಪ್ಪತ್ತು ದಾಟಿತ್ತು. ಹೃದಯದ ಕವಾಟವೊಂದು ಸವೆದಿದೆ, ಮಳೆಗಾಲ ಮುಗಿಯುವುದರೊಳಗೆ ಎದೆ ತೆರೆದು ಬದಲಾಯಿಸಲೇಬೇಕು, ಈ ವಯಸ್ಸಿಗೆ ಅಪಾಯ ಇಲ್ಲ ಎನ್ನಲಾರೆ ಎಂದು ಅದೇ ದಿನ ಡಾಕ್ಟರು ಹೇಳಿ ಕಳಿಸಿದ್ದರು. ಮದುವೆಯಾಗದ ಹೆಂಗಸು, ಇದ್ದವಳು ಒಬ್ಬಳೇ ಅಕ್ಕ, ಅವಳೂ ವಿಧವೆ, ಇಬ್ಬರೂ ಒಂದೇ ಮನೆಯಲ್ಲಿ. ಹೆಚ್ಚುಕಡಿಮೆ ಆದರೆ ಮುಖಕ್ಕೆ ಬಟ್ಟೆ ಹೊದಿಸುವ ಕೈ ಶಿಗೆಯೊಳದೇ. ಆದ್ದರಿಂದ ಆಸ್ಪತ್ರೆಗೆ ಸೇರುವ ಮೊದಲು ಆ ಅಕ್ಕನ ಬಾಯಿಂದ ಒಂದು 'ಹೂಂ' ಹೊರಡಬೇಕಿತ್ತು. ಹೊರಡಿಸಿಯೇ ತೀರುತ್ತೇನೆ ಎಂದು ಮಿನೆಕೊ ಅಂದೇ ನಿಶ್ಚಯಿಸಿಬಿಟ್ಟಳು.

ಇವಳ ಹಠ ಏನೆಂದು ತಿಳಿಯಬೇಕಾದರೆ ಯೊಕೊಹಾಮಾ ನಿಲ್ದಾಣದ ಪಕ್ಕದ ಆ ದೊಡ್ಡ ಅಂಗಡಿಯಲ್ಲಿ ಇವಳನ್ನು ನೋಡಿರಬೇಕಿತ್ತು. ನೆಲಮಹಡಿ, ಎಸ್ಕಲೇಟರಿನ ಬುಡ, ಕರವಸ್ತ್ರದ ಕೌಂಟರು. ಹೈಸ್ಕೂಲು ಮುಗಿಸಿ ಅಲ್ಲಿ ನಿಂತವಳು ತಲೆ ನರೆಯುವ ತನಕ ಅಲ್ಲೇ ನಿಂತಳು. ನಮ್ಮೂರಿನ ಜನ ಹೊಟ್ಟೆಗಿಲ್ಲದೆ ಮನೆ ಬಿಟ್ಟಾರು, ಕರವಸ್ತ್ರವಿಲ್ಲದೆ ಬಿಡಲಾರರು. ಕೈ ತೊಳೆದಲ್ಲಿ ಒರೆಸಿಕೊಳ್ಳಲು ಏನೂ ಇಟ್ಟಿರುವುದಿಲ್ಲ; ಬೇಸಿಗೆಯಲ್ಲಿ ಬೆವರು ಕಿತ್ತು ಸುರಿಯುತ್ತದೆ; ರೈಲಿನಲ್ಲಿ ಕೂತರೆ ಲಂಗದ ಮೇಲೆ ಹಾಸಲು ಬೇಕು. ಪ್ಯಾರಿಸ್ಸಿನ ದೊಡ್ಡ ಡಿಸೈನರನ ಕೋಟು ಕೊಳ್ಳುವ ತಾಕತ್ತು ಯಾರಿಗಿದೆ? ಅವನದೇ ಸಹಿಯಿರುವ ಕರವಸ್ತ್ರವಾದರೆ ಒಂದು ಹೊತ್ತು ಹೊರಗೆ ಉಂಡಷ್ಟು ದುಡ್ಡಿಗೆ ಸಿಗುತ್ತದೆ. ಟೈಪಿಸ್ಟು ಹುಡುಗಿಯರು ಸಂಬಳದ ದಿನ ಸಾಲುಗಟ್ಟುತ್ತಿದ್ದರು.

ಮಿನೆಕೊ ಮಡಚಿಟ್ಟ ಕರವಸ್ತ್ರವನ್ನು ಮಡಚಿದ ಹಾಗೇ ಎಂದೂ ತೋರಿಸಿದವಳಲ್ಲ. ಝಾಡಿಸಿ ಬಿಚ್ಚುವಳು. "ಮುಚ್ಚಿಟ್ಟರೆ ಏನು ಚೆಂದ? ನೋಡಿ," ಎಂದು ಕೈಚೀಲದ ಹಿಡಿಗೆ ಸುತ್ತಿ ಗಂಟು ಹಾಕುವಳು, ಜಡೆಗೆ ಕಟ್ಟುವಳು, ಅಂಗಿಯ ಕಾಲರಿನೊಳಗೆ ತೂರಿಸಿ ಕತ್ತಿನ ಹತ್ತಿರ ಒಂದಿಷ್ಟೇ ಬಣ್ಣ ಇಣುಕಿಸುವಳು, ಊಟದ ಡಬ್ಬಿಗೆ ಸುತ್ತಿ ಮೇಲೆ ಮೊಲದ ಕಿವಿ ಎಬ್ಬಿಸುವಳು. ಒಂದು ಕೊಳ್ಳಲು ಬಂದವರು ಮೂರು ಕೊಂಡು ಹೋಗುತ್ತಿದ್ದರು. ಹಾಗೆಂದು ಬಾಯಿಗೆ ಬಂದದ್ದು ಹೇಳಿ ಮಾರುವ ಜಾತಿಯೂ ಅಲ್ಲ. ಗೆಳತಿಯ ಮದುವೆಗೆ ಬಿಳಿ ಲೇಸಿನದು ಕೇಳಿದ ಹುಡುಗಿಗೆ, "ಬೇಡಮ್ಮ. ಬಿಳೀದು ಕಣ್ಣೀರು ಒರೆಸೋಕೆ, ಸತ್ತೋರ ಮುಖ ಮುಚ್ಚೋಕೆ. ಮದುವೆಗೆ ಹೂವಿಂದು ತಗೋ," ಎಂದು ಅರ್ಧ ಬೆಲೆಯದನ್ನು ಕೊಟ್ಟು ಕಳಿಸಿದಳು. ಯಾರಿಂದಲೋ ಕರವಸ್ತ್ರ ಎರವಲು ಪಡೆದು ಪೇಚಿಗೆ ಸಿಕ್ಕವರೂ ಇವಳ ಹತ್ತಿರವೇ ಬರುತ್ತಿದ್ದರು. ಅವರಿಗೆ ಇವಳದು ಒಂದೇ ಪಾಠ: "ತೊಳೆದು, ಇಸ್ತ್ರಿ ಮಾಡಿ, ಜೊತೆಗೊಂದು ಹೊಸದಿಟ್ಟು, ನೀವೇ ಹೋಗಿ ಅವರ ಕೈಗೇ ಕೊಡಬೇಕು. ಪೋಸ್ಟಿಗೆ ಹಾಕಿದ್ರೆ ನಾನು ಸುಮ್ನಿರಲ್ಲ."

ಗಿಣಿ ಕರವಸ್ತ್ರ ಬಂದದ್ದು ಇವಳ ನಿವೃತ್ತಿಯ ವರ್ಷ. ಸಾಸಿವೆ ಹೂವಿನಂಥ ಹಳದಿ ಮೈ, ಅದರ ತುಂಬ ಕೆಂಪು ಹಸಿರು ಗಿಣಿಗಳು, ಒಂದೊಂದೂ ಬಾಯಿ ತೆರೆದು ಜಗಳಕ್ಕೆ ನಿಂತಿದೆ. "ಇಷ್ಟು ಗಲಾಟೆಯದು ಬೇಡಪ್ಪಾ" ಎಂದು ಬಂದವರೆಲ್ಲ ಪಕ್ಕಕ್ಕಿಟ್ಟರು. ಮಿನೆಕೊಗೆ ಅದರ ಮೇಲೆ ಪ್ರಾಣ. ಕೊನೆಯ ದಿನ ತಾನೇ ಕೊಂಡು, ಕೈಚೀಲಕ್ಕೆ ಕಟ್ಟಿಕೊಂಡು, ಕಣ್ಣೀರು ಹಾಕದೆ ಮನೆಗೆ ಬಂದಳು.

ಅಕ್ಕ ಶಿಗೆಯೊಳದು ಬೇರೆಯೇ ಲೋಕ. ಮಾರುಕಟ್ಟೆ ಬೀದಿಯಲ್ಲಿ ಗಂಡನ ಜೊತೆ ಸೋಯಾ ಹಾಲು ಕಾಯಿಸಿ, ಹಿಂಡಿ, ಪನೀರಿನಂಥ ತೋಫು ಮಾಡಿ ಮಾರಿ ಬಾಳಿದವಳು. ಬಿಳಿ ತೋಫು, ಬಿಳಿ ಹಿಂಡುಬಟ್ಟೆ, ಬಿಳಿ ಏಪ್ರನ್ನು, ಎಡಜೇಬಿನಲ್ಲಿ ಗರಿಗರಿ ಬಿಳಿ ಕರವಸ್ತ್ರ. ಮನೆಯಿಂದ ಯಾರು ಹೊರಟರೂ ಬಾಗಿಲಲ್ಲಿ ನಿಂತು "ಕರ್ಚೀಫು ತಗೊಂಡ್ಯಾ?" ಎಂದು ಕೇಳದೆ ಬಿಡಳು. ಅದು ಅವರಮ್ಮನ ಮಾತು. ಅಮ್ಮ ಹೋದ ಮರುದಿನದಿಂದ ಅಕ್ಕ ಹಿಡಿದದ್ದು, ಎಪ್ಪತ್ತು ದಾಟಿದ ತಂಗಿಗೂ ತಪ್ಪಿಲ್ಲ.

ಮಿನೆಕೊಳ ಹಠ ಹುಟ್ಟಿದ್ದೂ ಆ ಅಮ್ಮನಿಂದಲೇ. ಹಡಗಿನಲ್ಲಿ ಅಮೆರಿಕಕ್ಕೆ ಹೋಗುವ ರೇಷ್ಮೆ ಕರವಸ್ತ್ರಗಳಿಗೆ ಅಂಚು ಸುತ್ತಿ ಹೊಲಿಯುವುದು ಅಮ್ಮನ ಕಸುಬು. ಮನೆ ತುಂಬ ಗುಲಾಬಿ, ನವಿಲು, ಚಿಟ್ಟೆ. ಮಕ್ಕಳು ಮುಟ್ಟಿದರೆ ಏಟು. ಅಮ್ಮ ತನಗೆಂದು ಒಂದನ್ನೂ ಇಟ್ಟುಕೊಳ್ಳಲಿಲ್ಲ. ಹೋದ ದಿನ ಚಾಪೆಯ ಮೇಲೆ ಮಲಗಿಸಿ ಮುಖಕ್ಕೆ ಬಿಳಿ ಬಟ್ಟೆ ಹಾಕಿದರು. ಶಾಲೆ ಹುಡುಗಿ ಮಿನೆಕೊ ನೋಡುತ್ತಲೇ ಇದ್ದಳು. ಆ ಬಟ್ಟೆ ಬಿದ್ದ ಮೇಲೆ ಅಲ್ಲಿದ್ದದ್ದು ಅಮ್ಮ ಅಲ್ಲ, ಯಾರದೋ ಹೆಣ. ಆ ಸಿಟ್ಟು ಇವಳ ಹೊಟ್ಟೆಯಲ್ಲಿ ಇವತ್ತಿಗೂ ಆರಿಲ್ಲ.

"ಅಮೆರಿಕದ ಹೆಂಗಸರ ಮೂಗಿಗೆ ಗುಲಾಬಿ ಹೂವು, ನಮ್ಮಮ್ಮನ ಮುಖಕ್ಕೆ ಬಿಳಿ ಚಿಂದಿ," ಎಂದಳು ಅಕ್ಕನಿಗೆ. "ನನಗೆ ಹಾಗಾಗಬಾರದು."

"ಎಲ್ಲರಿಗೂ ಅದೇ ಹಾಕೋದು. ನೀನೇನು ಆಕಾಶದಿಂದ ಇಳಿದು ಬಂದಿದೀಯಾ?"

ಮರುದಿನವೇ ಮಿನೆಕೊ ಮನೆತನದ ಬೌದ್ಧ ಗುಡಿಗೆ ಹೋಗಿ ಗುರುಗಳನ್ನು ಕೇಳಿದಳು. ಅವರು ಚಹಾ ಬಟ್ಟಲು ಕೆಳಗಿಟ್ಟು ನಕ್ಕರು. "ಬಟ್ಟೆ ಬಣ್ಣದ ಮಾತು ನಾನು ಓದಿದ ಸೂತ್ರದಲ್ಲೆಲ್ಲೂ ಇಲ್ಲಮ್ಮ. ಮುಖ ಮುಚ್ಚೋದು ಸತ್ತೋರಿಗಲ್ಲ, ನೋಡೋರ ಸಂಕಟಕ್ಕೆ."

"ಗುರುಗಳಿಗೇನು, ಹೇಳ್ತಾರೆ," ಎಂದಳು ಶಿಗೆಯೊ. "ಎದುರುಮನೆ ಓಸುಮಿ ಬಾಯಿಗೆ ಬೀಗ ಹಾಕೋರು ಯಾರು?"

ಮಿನೆಕೊ ಚಪ್ಪಲಿ ಮೆಟ್ಟಿ ನೇರ ಎದುರುಮನೆಗೆ ಹೋಗಿ, ಓಸುಮಿ ಎಂಬ ಆ ಮಹಾತಾಯಿಯ ಮುಂದೆ ಕರವಸ್ತ್ರ ಝಾಡಿಸಿ ಬಿಚ್ಚಿ, ಇದನ್ನು ನನ್ನ ಮುಖದ ಮೇಲೆ ನೋಡಿದರೆ ಏನಂತೀರಿ ಎಂದು ಕೇಳಿಯೇಬಿಟ್ಟಳು. ಆಕೆ ಬಟ್ಟೆಯನ್ನು ಮುಟ್ಟಿ ಮುಟ್ಟಿ ನೋಡಿ, "ಎಲ್ಲಿ ಸಿಗುತ್ತೆ ಇದು?" ಎಂದಳಂತೆ.

"ಬೀಗ ಹಾಕಿ ಬಂದೆ ಅಕ್ಕ. ಈಗ ಹೂಂ ಅನ್ನು."

"ನೀನು ಹಿಡಿದ ಮೊಲಕ್ಕೆ ಮೂರೇ ಕಾಲು ಅಂತ ನನಗೆ ಗೊತ್ತಿಲ್ವಾ? ಆಗಲ್ಲ ಅಂದ್ರೆ ಆಗಲ್ಲ," ಎಂದಳು ಶಿಗೆಯೊ, ಕಡ್ಡಿ ತುಂಡು ಮಾಡಿದ ಹಾಗೆ.

ಮಿನೆಕೊಗೆ ರೇಗಿತು. "ಆ ತೋಫು ಹಿಂಡೋ ಬಟ್ಟೆ ನಿನ್ನ ತಲೆಗೇ ಸುತ್ತಿಕೊಂಡಿದೆ. ಹಿಂಡಿ ಹಿಂಡಿ ಒಳಗೆ ಏನೂ ಉಳಿದಿಲ್ಲ!"

ಆಡಬಾರದಿತ್ತು. ಶಿಗೆಯೊ ಎದ್ದು ಪಾತ್ರೆ ತೊಳೆದಳು. ಅಲ್ಲಿಂದ ಆಸ್ಪತ್ರೆಗೆ ಹೋಗುವ ತನಕ ಅಕ್ಕ ತಂಗಿಯರ ನಡುವೆ ಸೋಯಾ ಸಾಸು ಕೊಡು, ಕಿಟಕಿ ಮುಚ್ಚು, ಇಷ್ಟೇ ಮಾತು. ಬಾಗಿಲಲ್ಲಿ ಮಾತ್ರ, ಮುಖ ಊದಿಸಿಕೊಂಡೇ ಆದರೂ, "ಕರ್ಚೀಫು ತಗೊಂಡ್ಯಾ?" ತಪ್ಪಲಿಲ್ಲ.

ಆಪರೇಷನ್ನಿನ ಬೆಳಿಗ್ಗೆ ಶಿಗೆಯೊ ಬಂದಾಗ ಮಿನೆಕೊ ಆಸ್ಪತ್ರೆಯ ನಿಲುವಂಗಿ ತೊಟ್ಟು ಮಂಚದ ಮೇಲೆ ಕುಳಿತಿದ್ದಳು. ಕೈಚೀಲದಿಂದ ಗಿಣಿ ಕರವಸ್ತ್ರ ಬಿಚ್ಚಿ ಮೊಣಕಾಲ ಮೇಲೆ ಹರಡಿಕೊಂಡಿದ್ದಳು. ಹೆದರಿಕೆ ಇಲ್ಲ ಎಂದರೆ ಸುಳ್ಳಾದೀತು. ಆದರೆ ದನಿ ನಡುಗಲಿಲ್ಲ.

"ಕೊನೇ ಸಲ ಕೇಳ್ತಿದೀನಿ ಅಕ್ಕ. ಏನಾದ್ರೂ ಆದ್ರೆ ಇದನ್ನ ಹಾಕ್ತೀಯಾ, ಇಲ್ವಾ?"

"ಹಾಕಲ್ಲ."

"ಯಾಕೆ? ಗುರುಗಳು ಒಪ್ಪಿದ್ರು. ಓಸುಮಿ ಒಪ್ಪಿದ್ಳು. ನಿನಗೊಬ್ಬಳಿಗೆ ಏನು ದಾಡಿ?"

"ಹೂಂ ಅಂದ್ರೆ ನೀನು ನನಗಿಂತ ಮೊದಲು ಹೋಗೋಕೂ ಹೂಂ ಅಂದ ಹಾಗೆ ಕಣೇ!" ಶಿಗೆಯೊಳ ಕಟ್ಟೆ ಒಡೆಯಿತು. "ಅಮ್ಮನ ಮುಖಕ್ಕೆ ಬಟ್ಟೆ ಹಾಕಿದ್ದು ಯಾರು? ನಾನು. ನನ್ನ ಗಂಡನಿಗೆ ಹಾಕಿದ್ದು? ನಾನು. ಮೂರನೇದು ನನ್ನ ಕೈಲಾಗಲ್ಲ. ಬಿಳೀದಾದರೂ ಆಗಲ್ಲ, ಗಿಣೀದಾದರೂ ಆಗಲ್ಲ. ಹಿರಿಯಳು ನಾನು. ನನಗೆ ಹಾಕಬೇಕಾದೋಳು ನೀನು. ಬಣ್ಣ ಅಂತೆ ಬಣ್ಣ!"

ಇಷ್ಟು ದಿನ ತಾನು ಬಡಿದಾಡಿದ್ದು ಬಿಳಿ ಬಟ್ಟೆಯ ಜೊತೆ ಎಂದು ಮಿನೆಕೊ ತಿಳಿದಿದ್ದಳು.

ಶಿಗೆಯೊ ಮೂಗು ಸೇದುತ್ತ ಸ್ವೆಟರಿನ ಜೇಬು ತಡವಿಕೊಂಡಳು. ಬಲಜೇಬು, ಎಡಜೇಬು, ಕೈಚೀಲ. "ಅಯ್ಯೋ, ಕರ್ಚೀಫು ಮರೆತು ಬಂದೆನಲ್ಲೇ."

ಭೂಮಿ ತಲೆಕೆಳಗಾಯಿತು ಎಂದಿದ್ದರೂ ಮಿನೆಕೊ ನಂಬುತ್ತಿದ್ದಳೇನೋ. ಅಕ್ಕ ಕರವಸ್ತ್ರ ಮರೆಯುವುದು ಎಂದರೇನು? ಅವಳು ಕಣ್ಣು ಮಿಟುಕಿಸುವುದರೊಳಗೆ ಶಿಗೆಯೊ ಕೈಚಾಚಿ ತಂಗಿಯ ಮೊಣಕಾಲ ಮೇಲಿಂದ ಗಿಣಿ ಕರವಸ್ತ್ರವನ್ನು ಎಳೆದುಕೊಂಡು, ಕಣ್ಣೊರೆಸಿ, ಆಮೇಲೆ ಜೋರಾಗಿ ಮೂಗನ್ನೂ ಸೀಟಿದಳು.

"ಅಕ್ಕಾ! ಅದು ನನ್ನ—"

"ಎರವಲು ತಗೊಂಡೆ." ಶಿಗೆಯೊ ಅದನ್ನು ಮುದ್ದೆ ಮಾಡಿ ಕೈಚೀಲಕ್ಕೆ ತುರುಕಿದಳು. "ಎರವಲು ಕರ್ಚೀಫು ಹೇಗೆ ವಾಪಸ್ ಮಾಡ್ಬೇಕು? ಊರಿಗೆಲ್ಲ ಪಾಠ ಹೇಳಿದೋಳು ನೀನೇ ಅಲ್ವಾ, ಹೇಳು."

"ತೊಳೆದು, ಇಸ್ತ್ರಿ ಮಾಡಿ..."

"ಮಾಡಿ?"

"ಜೊತೆಗೊಂದು ಹೊಸದಿಟ್ಟು, ಅವರ ಕೈಗೇ ಕೊಡಬೇಕು."

"ಕೈಗೆ. ಮುಖಕ್ಕಲ್ಲ. ನಾನು ಇವತ್ತಿನವರೆಗೆ ಯಾರ ಋಣಾನೂ ಇಟ್ಕೊಂಡೋಳಲ್ಲ. ಇಸಕೊಳ್ಳೋಕೆ ನೀನು ಬರಬೇಕು, ಅಷ್ಟೆ."

ನರ್ಸು ಗಾಲಿಕುರ್ಚಿ ತಂದಳು. ಆಪರೇಷನ್ ಕೋಣೆಯ ಬಾಗಿಲ ತನಕ ಶಿಗೆಯೊ ಪಕ್ಕದಲ್ಲೇ ನಡೆದು ಬಂದಳು. ಬಾಗಿಲು ತೆರೆದಾಗ ಮಿನೆಕೊ ಒಮ್ಮೆ ತಿರುಗಿ ನೋಡಿದಳು. ಕೈಮುಗಿದು ಬಗ್ಗಿದ್ದ ಅಕ್ಕನ ಸ್ವೆಟರಿನ ಎಡಜೇಬಿನಿಂದ ಗರಿಗರಿ ಇಸ್ತ್ರಿಯ ಬಿಳಿ ಕರವಸ್ತ್ರದ ಮೂಲೆ ಇಣುಕುತ್ತಿತ್ತು. ಮುದುಕಿ ಮರೆತಿರಲೇ ಇಲ್ಲ! ಎದೆ ಸೀಳಿಸಿಕೊಳ್ಳಲು ಹೊರಟ ಹೆಂಗಸು ನಗುತ್ತ ಒಳಗೆ ಹೋದಳೆಂದು ಆ ನರ್ಸು ಈಗಲೂ ಹೇಳುತ್ತಾಳೆ. ಬರಬೇಕು, ಬಂದೇ ಬರಬೇಕು, ಈ ಮುದುಕಿಯ ಕೈಯಿಂದ ನನ್ನ ಗಿಣಿ ಇಸಕೊಳ್ಳಬೇಕು ಎಂದುಕೊಳ್ಳುತ್ತಲೇ ಮಿನೆಕೊಗೆ ಮಂಪರು ಕವಿಯಿತು.

ಬಂದಳು. ಸುಲಭವಾಗೇನೂ ಅಲ್ಲ. ಮೂಗಿಗೆ ಕೊಳವೆ, ಎದೆಗೆ ಹೊಲಿಗೆ, ಕೆಮ್ಮಿದರೆ ಪ್ರಾಣ ಹೋದ ಹಾಗೆ ನೋವು. ಗಂಜಿ ಬೇಡವೆಂದಳು, ನರ್ಸನ್ನು ಬೈದಳು, ಬೈದು ಉಂಡಳು. ಅವಳನ್ನು ಮಾಮೂಲು ವಾರ್ಡಿಗೆ ತಂದ ದಿನ ಶಿಗೆಯೊ ಒಂದು ಕಾಗದದ ಪೊಟ್ಟಣ ಹಿಡಿದು ಬಂದು, ಕುರ್ಚಿ ಎಳೆದು ಕುಳಿತು, ತಂಗಿಯ ಎರಡೂ ಅಂಗೈ ಬಿಡಿಸಿ ಅದರ ಮೇಲೆ ಪೊಟ್ಟಣ ಇಟ್ಟು ತಲೆಬಾಗಿದಳು. "ಉಪಕಾರವಾಯ್ತು."

ಪೊಟ್ಟಣ ಮಿನೆಕೊಳ ಹಳೆಯ ಅಂಗಡಿಯದೇ. ಬಿಚ್ಚಿದಾಗ ಮೇಲೆ ಗಿಣಿ ಕರವಸ್ತ್ರ, ತೊಳೆದು, ಒಂದು ಸುಕ್ಕಿಲ್ಲದ ಹಾಗೆ ಇಸ್ತ್ರಿ ಮಾಡಿ. ಕೆಳಗೆ ಹೊಸದು. ಮಿನೆಕೊ ಅಭ್ಯಾಸಬಲದಿಂದ ಅದನ್ನು ಝಾಡಿಸಲು ಹೋಗಿ ನೋವಿಗೆ "ಅಮ್ಮಾ" ಎಂದು, ಮೆಲ್ಲಗೆ ಬಿಡಿಸಿದಳು. ಬಿಳಿಯಲ್ಲ. ಕೆಂಡದಂಥ ಕೆಂಪು. ನಟ್ಟನಡುವೆ ಎದೆ ಉಬ್ಬಿಸಿ ನಿಂತ ಒಂದು ಹುಂಜ.

"ಇದನ್ನ ನೀನು ಆರಿಸಿದ್ಯಾ?"

"ಗಿಣಿ ಮುಗಿದುಹೋಗಿತ್ತಂತೆ. ಅಂಗಡಿ ಹುಡುಗಿ ನನ್ನ ಕತ್ತಿಗೆ ಕಟ್ಟಿ ತೋರಿಸಿದ್ಳು. ಕನ್ನಡೀಲಿ ನನ್ನ ಮುಖ ನೋಡಿ ನನಗೇ ನಗು ಬಂತು." ಶಿಗೆಯೊ ನಗಲಿಲ್ಲ. ಬಗ್ಗಿ ಹುಂಜದ ಮೇಲೆ ಬೆರಳಿಟ್ಟಳು. "ಕೊಟ್ಟಿರೋದು ನಿನಗೆ, ಆದ್ರೆ ಇದು ನನ್ನ ಮುಖಕ್ಕೆ. ಜೋಪಾನವಾಗಿ ಇಟ್ಕೊಂಡಿರು. ನಾನು ಹೋದ ದಿನ ನೀನೇ ತೆಗೆದು ಹೊದಿಸಬೇಕು. ಮೊದಲು ಹುಂಜ, ಆಮೇಲೆ ಗಿಣಿ. ಸರದಿ ತಪ್ಪಿಸಿ ನೀನೇನಾದ್ರೂ ಮುಂದೆ ನುಗ್ಗಿದ್ಯೋ, ನಿನಗೆ ಬಿಳೀದೇ ಗತಿ, ನೆನಪಿಟ್ಕೋ."

ಮಿನೆಕೊ ಎರಡು ಕರವಸ್ತ್ರವನ್ನೂ ಹೊಲಿಗೆಯ ಎದೆಗೆ ಒತ್ತಿಕೊಂಡಳು. ಕೊನೆಯ ದಿನ ಅಂಗಡಿ ಬಿಟ್ಟಾಗಲೂ ಬಾರದ ಕಣ್ಣೀರು ಈಗ ಬಂತು. ಒರೆಸಿಕೊಳ್ಳಲು ಗಿಣಿಗೂ ಮನಸ್ಸು ಬರಲಿಲ್ಲ, ಹುಂಜಕ್ಕೂ ಬರಲಿಲ್ಲ. ಶಿಗೆಯೊ ಎಡಜೇಬಿನಿಂದ ಬಿಳಿಯದನ್ನು ತೆಗೆದು ಕೊಟ್ಟಳು.

"ಬಿಡ್ತು ಅನ್ನು, ಅಕ್ಕ," ಎಂದಳು ಮಿನೆಕೊ.