ತಂಗಿ ಒಳಗೇ ಇದ್ದಳು

ಆರೋಗ್ಯ ಕೇಂದ್ರದವರು ಬಾಗಿಲಿಗೆ ಬಂದು ಕೇಳಿದಾಗ, ನನ್ನ ತಂಗಿ ಒಳಗೇ ಮಲಗಿದ್ದಾಳೆ ಎಂದು ನಾನು ಹೇಳಲಿಲ್ಲ. ಊರಿಗೆ ಹೋಗಿದ್ದಾಳೆ ಎಂದೆ. ಒಂದು ಸಲವಲ್ಲ, ಮೂರು ಸಲ ಹಾಗೆಂದೆ. ಅವಳನ್ನು ಎಬ್ಬಿಸಿ ಅವರ ಜೊತೆ ಕಳಿಸಬೇಕಿತ್ತು. ಅಷ್ಟನ್ನು ನಾನು ಮಾಡಲಿಲ್ಲ.

ನಾನು ಏಳನೇ ಇಯತ್ತೆವರೆಗೆ ಓದಿದವಳು. ಕಂಪನಿಯ ಹಾಜರಿ ಪುಸ್ತಕದಲ್ಲಿ ಸಹಿ ಹಾಕುವುದು ಬಿಟ್ಟರೆ ಬರವಣಿಗೆ ನನಗೆ ರೂಢಿಯಿಲ್ಲ. ಆದರೆ ಈ ಮಾತನ್ನು ಯಾರಾದರೂ ಬೇರೆಯವರು ಬರೆದರೆ ನನ್ನ ಪರವಾಗಿ ಒಂದಿಷ್ಟು ಮೆತ್ತಗೆ ಬರೆದಾರು. ಅದು ಬೇಡ.

ನಾವು ಬೀದರ ಕಡೆಯ ಕ್ರೈಸ್ತರು. ಅವ್ವ ತೀರಿಕೊಂಡ ಮೇಲೆ ಅಕ್ಕತಂಗಿ ಇಬ್ಬರೂ ಬೆಂಗಳೂರಿಗೆ ಬಂದು ಚಂದಾಪುರದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದೆವು. ಮೊದಲು ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಮನೆಯ ಮಾಲಕಿ, ನಾವು ಮನೆಯವ್ವ ಎನ್ನುತ್ತಿದ್ದವರು, ಸಾಲಾಗಿ ಏಳು ಕೋಣೆ ಕಟ್ಟಿಸಿ ಮೇಲೆ ಶೀಟು ಹೊದಿಸಿದ್ದರು. ಬೊಮ್ಮಸಂದ್ರದ ಔಷಧಿ ಕಂಪನಿಯೊಂದರಲ್ಲಿ ಇಬ್ಬರಿಗೂ ಪ್ಯಾಕಿಂಗ್ ಕೆಲಸ ಸಿಕ್ಕಿತು. ದಿನವಿಡೀ ಮಾತ್ರೆಯ ಪಟ್ಟಿಗಳನ್ನು ಡಬ್ಬಕ್ಕೆ ತುಂಬುತ್ತಿದ್ದೆವು. ಯಾವ ಮಾತ್ರೆ ಯಾವ ರೋಗಕ್ಕೆ ಎಂದು ನಾವು ಕೇಳಿದವರಲ್ಲ, ನಮಗೆ ಹೇಳಿದವರೂ ಇಲ್ಲ.

ಮೊದಲ ಪಾಳಿ ಮುಗಿಸಿ ಚಂದಾಪುರ ಸರ್ಕಲ್ಲಿನಲ್ಲಿ ಇಳಿದರೆ ಒಂದು ಬೈಟು ಟೀ. ತಂಗಿ ಲೋಟ ಹಿಡಿದು ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದಳು.

"ಅರ್ಧ ಕಪ್ ಚಾಕ್ಕೂ ಸ್ತೋತ್ರ ಹೇಳ್ತಿ ಏನ?"

"ಸಕ್ರಿ ಬರೋಬರಿ ಹಾಕ್ಯಾನ, ಅದಕ್ಕ."

ನನ್ನ ವಿಶ್ವಾಸ ಹಾಗಿರಲಿಲ್ಲ. ನಾನು ದೇವರನ್ನು ದೊಡ್ಡ ಕೆಲಸಕ್ಕೆ ಮಾತ್ರ ಕರೆಯುವವಳು. ಅವಳಿಗೆ ನಲ್ಲಿಯಲ್ಲಿ ನೀರು ಬಂದರೆ ಸ್ತೋತ್ರ, ಬಸ್ಸಿನಲ್ಲಿ ಕಿಟಕಿ ಸಿಕ್ಕರೆ ಸ್ತೋತ್ರ. ಶೀಟಿನ ಮೇಲೆ ಮಳೆ ಬಿದ್ದರೆ ನನಗೆ ಸೋರುವ ಚಿಂತೆ. ಅವಳು ಮಲಗಿದಲ್ಲೇ ಕಿವಿಗೊಟ್ಟು, "ಕೇಳಕ್ಕಾ, ಎಷ್ಟು ಚಂದ ಚಪ್ಪಾಳಿ ಹೊಡಿಲಾಕತ್ತದ" ಎನ್ನುತ್ತಿದ್ದಳು.

ಒಂದು ಚಳಿಗಾಲ ಅವಳಿಗೆ ಕೆಮ್ಮು ಹತ್ತಿತು. ಕಫ ಪರೀಕ್ಷೆ ಮಾಡಿ ಟಿ.ಬಿ. ಎಂದರು. ಆರು ತಿಂಗಳ ಮಾತ್ರೆ. ವಾರಕ್ಕೆ ಮೂರು ದಿನ ಆರೋಗ್ಯ ಕೇಂದ್ರಕ್ಕೆ ಹೋಗಿ ಅವರ ಕಣ್ಣೆದುರೇ ನುಂಗಬೇಕು. ತಪ್ಪಿಸದಂತೆ ನೋಡಿಕೊಳ್ಳುವವರು ಯಾರು ಎಂದು ಕೇಳಿದಾಗ ನಾನು ಮುಂದೆ ಬಂದು ಕಾರ್ಡಿನ ಮೇಲೆ ಸಹಿ ಹಾಕಿದೆ. ಭಾನುವಾರ ನಾವು ಹೋಗುತ್ತಿದ್ದ ಪ್ರಾರ್ಥನಾ ಕೂಟದಲ್ಲಿ ಎಲ್ಲರೂ ಅವಳ ತಲೆ ಮೇಲೆ ಕೈಯಿಟ್ಟು ಬೇಡಿಕೊಂಡರು. ಎರಡು ತಿಂಗಳಾಗುವಷ್ಟರಲ್ಲಿ ಕೆಮ್ಮು ನಿಂತಿತು, ಕೆನ್ನೆ ತುಂಬಿತು, ಅವಳು ಕೆಲಸಕ್ಕೂ ಬಂದಳು.

ನಮ್ಮ ಕೂಟದಲ್ಲಿ ಆರಾಧನೆಯ ನಡುವೆ ಸಾಕ್ಷಿ ಹೇಳುವ ಸಮಯವಿರುತ್ತದೆ. ದೇವರು ತನಗೆ ಮಾಡಿದ ಉಪಕಾರವನ್ನು ಎದ್ದು ನಿಂತು ಹೇಳಬೇಕು. ಅಲ್ಲಿಯವರೆಗೆ ಒಂದು ದಿನವೂ ಬಾಯಿ ಬಿಡದಿದ್ದ ನಾನು ಆ ತಿಂಗಳ ಒಂದು ಭಾನುವಾರ ಎದ್ದು ನಿಂತೆ. ನನ್ನ ತಂಗಿಯ ರೋಗವನ್ನು ಕರ್ತನು ಪೂರ್ತಿ ತೆಗೆದುಹಾಕಿದ್ದಾನೆ ಎಂದೆ. ಹೆಂಗಸರು ಅತ್ತರು. ವಾರವಿಡೀ ಕಾರ್ಖಾನೆಯಲ್ಲಿ ಲೇತ್ ಓಡಿಸಿ ಭಾನುವಾರ ವಾಕ್ಯ ಹೇಳುತ್ತಿದ್ದ ನಮ್ಮ ಪಾಸ್ಟರ್ ಆರಾಧನೆ ಮುಗಿದ ಮೇಲೆ ಮೆಟ್ಟಿಲ ಹತ್ತಿರ ನನ್ನನ್ನು ನಿಲ್ಲಿಸಿ, "ಸಿಸ್ಟರ್, ಮಾತ್ರೆ ಎಲ್ಲಾ ಮುಗೀತಾ?" ಎಂದು ಕೇಳಿದರು.

"ಮುಗೀತು ಪಾಸ್ಟರ್" ಎಂದೆ. ನಾಲ್ಕು ತಿಂಗಳು ಬಾಕಿಯಿತ್ತು.

ಮರುದಿನ ಪಾಳಿ ಮುಗಿದ ಮೇಲೆ ತಂಗಿ ಕೇಳಿದಳು. "ಅಕ್ಕಾ, ಇವತ್ತ ಗುಳಿಗಿ ದಿನ. ನೀ ಅಷ್ಟು ಮಂದಿ ಮುಂದ ಸಾಕ್ಷಿ ಹೇಳಿದಿ. ಈಗ ಹೋಗಿ ನುಂಗಿದ್ರ ದೇವರನ್ನ ನಂಬಿಲ್ಲ ಅಂದಂಗ ಆಗ್ತದೇನು?"

ಹೋಗು ಎನ್ನಲು ಒಂದು ಉಸಿರು ಸಾಕಿತ್ತು. "ನಿನ್ನ ಮನಸ್ಸು ಹ್ಯಾಂಗ ಹೇಳ್ತದ ಹಂಗ ಮಾಡು" ಎಂದೆ. ಅವಳ ಮನಸ್ಸು ನನ್ನ ಮುಖ ನೋಡಿ ಹೇಳುವಂಥದ್ದು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಅವಳು ಹೋಗಲಿಲ್ಲ.

ಯಾಕೆ ಹಾಗೆ ಮಾಡಿದೆ? ಆ ಸಾಕ್ಷಿ ಹೇಳಿದ ಭಾನುವಾರವೇ ಕೂಟದ ಹೆಂಗಸರು ನನ್ನನ್ನು ಹುಡುಕಿಕೊಂಡು ಬರತೊಡಗಿದ್ದರು. ಮಾರತ್ತಹಳ್ಳಿಯಲ್ಲಿ ಕಂಪ್ಯೂಟರ್ ಆಫೀಸಿನಲ್ಲಿದ್ದ ಮೇಡಂ ಒಬ್ಬರು ತಮ್ಮ ತಾಯಿಯ ಫೋಟೋ ಮುಂದೆ ಹಿಡಿದು, "ಅಕ್ಕ, ನೀವು ಕೈಯಿಟ್ಟು ಪ್ರಾರ್ಥನೆ ಮಾಡಿ, ನಿಮ್ದು ಕೇಳ್ತಾನೆ ದೇವ್ರು" ಎಂದರು. ಕಂಪನಿಯಲ್ಲಿ ನನ್ನನ್ನು ಯಾರೂ ಹೆಸರು ಹಿಡಿದು ಸಹ ಕರೆಯುತ್ತಿರಲಿಲ್ಲ. ಆ ಮರ್ಯಾದೆಯ ರುಚಿ ಹತ್ತಿತ್ತು. ತಂಗಿ ಮತ್ತೆ ಮಾತ್ರೆಗೆ ಸಾಲಿನಲ್ಲಿ ನಿಂತರೆ ಅದು ಹೋಗುತ್ತದೆ ಎಂಬ ಭಯ ನನ್ನದು.

ಅದೇ ವಾರ ಆರೋಗ್ಯ ಕೇಂದ್ರದ ಅಣ್ಣ ಗಾಡಿಯಲ್ಲಿ ಬಂದರು. ಮಧ್ಯಾಹ್ನ ತಂಗಿ ಒಳಗೆ ನಿದ್ದೆ ಮಾಡುತ್ತಿದ್ದಳು. ನಾನು ಹೊರಗೆ ಬಟ್ಟೆ ಒಗೆಯುತ್ತಿದ್ದೆ. ಬಾಗಿಲನ್ನು ಎಳೆದುಕೊಂಡು, ಊರಿಗೆ ಹೋಗಿದ್ದಾಳೆ ಎಂದೆ. ಎಂಟು ದಿನ ಬಿಟ್ಟು ಮತ್ತೆ ಬಂದರು. ಮತ್ತೆ ಅದನ್ನೇ ಹೇಳಿದೆ. ಮೂರನೇ ಸಲ ಅವರು ಗಾಡಿ ನಿಲ್ಲಿಸಿ ಕೆಳಗಿಳಿದರು.

"ಅಕ್ಕ, ಮಧ್ಯದಲ್ಲಿ ಬಿಟ್ರೆ ರೋಗ ಗಟ್ಟಿಯಾಗ್ಬಿಡುತ್ತೆ. ಆಮೇಲೆ ಈ ಮಾತ್ರೆಗೆ ಬಗ್ಗಲ್ಲ. ಅವರ ಫೋನ್ ನಂಬರಾದ್ರೂ ಕೊಡಿ, ನಾನೇ ಮಾತಾಡ್ತೀನಿ."

"ಅಲ್ಲಿ ಟವರ್ ಸಿಗಂಗಿಲ್ರೀ."

ಅವರು ಹೋದ ಮೇಲೆ ಮನೆಯವ್ವ ಅವರೆಕಾಯಿ ಸುಲಿಯುತ್ತಿದ್ದವರು ತಲೆಯೆತ್ತಿದರು. "ಯಾಕವ್ವ ಅಂಗಂದೆ? ನಿನ್ ತಂಗಿ ಒಳಗೇ ಮಲಗವ್ಳಲ್ಲ?"

"ಸುಮ್ನ ಕಾಡ್ತಾರಮ್ಮ, ವಾಸಿ ಆದವ್ರನ್ನೂ ಬಿಡಂಗಿಲ್ಲ" ಎಂದು ನಕ್ಕೆ. ಅವರು ನಗಲಿಲ್ಲ.

ಆಮೇಲೆ ಆ ಗಾಡಿ ಬರಲಿಲ್ಲ. ಒಂದು ದಿನ ರೊಟ್ಟಿ ತಿನ್ನುತ್ತಾ ತಂಗಿ, "ನೋಡಕ್ಕಾ, ಮೊದಲ ಒಂದ್ ದಿನ ತಪ್ಪಿದ್ರೂ ಹುಡುಕ್ಕೊಂಡು ಬರ್ತಿದ್ರು. ಈಗ ಯಾರೂ ಬರ್ಲೇ ಇಲ್ಲ. ಅಂದ್ರ ಅವರ ಪುಸ್ತಕದಾಗೂ ವಾಸಿ ಅಂತ ಬರದಾರ" ಎಂದಳು. ನಾನು ಹಿಟ್ಟು ನಾದುತ್ತಲೇ ಇದ್ದೆ.

ಮುಂದಿನ ಚಳಿಗಾಲಕ್ಕೆ ಮೊದಲೇ ಕಂಪನಿ ಬಸ್ಸಿನಲ್ಲಿ ಕೆಮ್ಮಿದಾಗ ಅವಳ ಕರವಸ್ತ್ರ ಕೆಂಪಾಯಿತು. ಈ ಸಲ ದೊಡ್ಡಾಸ್ಪತ್ರೆ. ಮೊದಲಿನ ಮಾತ್ರೆ ಇನ್ನು ಕೆಲಸ ಮಾಡುವುದಿಲ್ಲ, ಬೇರೆ ಮಾತ್ರೆಗಳ ಜೊತೆ ತಿಂಗಳುಗಟ್ಟಲೆ ಸೂಜಿ ಚುಚ್ಚಿಸಿಕೊಳ್ಳಬೇಕು ಎಂದರು. ಯಾಕೆ ನಡುವೆ ಬಿಟ್ಟಿರಿ ಎಂದು ಡಾಕ್ಟರು ನನ್ನನ್ನೇ ನೋಡಿ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅವಳು, "ನಾನೇ ಬಿಟ್ಟೆ ಸಾರ್" ಎಂದಳು. ಡಾಕ್ಟರು ಅದನ್ನೇ ಬರೆದುಕೊಂಡರು, ನಾನು ಬರೆಯಲು ಬಿಟ್ಟೆ.

ಮೂರನೇ ತಿಂಗಳಲ್ಲಿ ಕಿವಿಯೊಳಗೆ ಜೀರುಂಡೆ ಕೂತ ಹಾಗಿದೆ ಎಂದಳು. ಆಮೇಲೆ ಕುಕ್ಕರಿನ ಸೀಟಿ ಅವಳಿಗೆ ಕೇಳಲಿಲ್ಲ. ಡಾಕ್ಟರು ಸೂಜಿ ನಿಲ್ಲಿಸಿ ಮದ್ದು ಬದಲಾಯಿಸಿದರು, ಆದರೆ ಹೋದದ್ದು ಹೋಗಿತ್ತು. ಬಲಗಿವಿಯ ಹತ್ತಿರ ಕೂಗಿದರೆ ಮಾತ್ರ ಒಂದಷ್ಟು ತಿಳಿಯುತ್ತಿತ್ತು. ಒಂದು ಸಂಜೆ ಜೋರು ಮಳೆ. ಅವಳು ಬಾಗಿಲಲ್ಲಿ ನಿಂತು ಅಂಗಳ ನೋಡಿ, "ಯಾವಾಗ ಚಾಲೂ ಆಯ್ತಕ್ಕಾ?" ಎಂದಳು. ಶೀಟಿನ ಮೇಲೆ ಗಂಟೆಯಿಂದ ಬಡಿಯುತ್ತಿತ್ತು.

ನಾನು ಬಚ್ಚಲಲ್ಲಿ, ಬಸ್ಸಿನಲ್ಲಿ, ಪ್ಯಾಕಿಂಗ್ ಮೇಜಿನ ಮುಂದೆ ದೇವರ ಕ್ಷಮೆ ಕೇಳಿದೆ. ಎಷ್ಟು ಸಲವೋ ಲೆಕ್ಕವಿಲ್ಲ. ದೇವರ ಹತ್ತಿರ ಕ್ಷಮೆ ಕೇಳುವುದು ಸುಲಭ, ಅವನು ದಿನಾ ಎದುರಿಗೆ ಕೂತು ರೊಟ್ಟಿ ತಿನ್ನುವುದಿಲ್ಲ. ಪಾಸ್ಟರ್ ನೋಡಲು ಬಂದವರು ಹೊರಗಿನ ಕಟ್ಟೆಯ ಮೇಲೆ ಕೂತು ನಿಟ್ಟುಸಿರು ಬಿಟ್ಟರು. "ಕುಷ್ಠ ವಾಸಿಯಾದವನನ್ನೂ ಯೇಸುಸ್ವಾಮಿ ವಾಸಿ ಆಯ್ತೋ ಇಲ್ವೋ ಅಂತ ಮೊದ್ಲು ಯಾಜಕನಿಗೆ ತೋರಿಸ್ಕೋ ಹೋಗು ಅಂತ ಕಳಿಸಿದ್ರು ಸಿಸ್ಟರ್. ನಾವು ಅದನ್ನ ಮರೆತ್ಬಿಟ್ವಿ." ಅವರು ನಾವು ಎಂದರು. ನಾನು ಆ ಮಾತಿನ ಮರೆಯಲ್ಲಿ ಕೂತೆ.

ನನ್ನನ್ನು ಅಲ್ಲಿಂದ ಎಬ್ಬಿಸಿದವಳು ತಂಗಿಯೇ. ಒಂದು ಶನಿವಾರ ಮಧ್ಯಾಹ್ನ ತಟ್ಟೆಯಲ್ಲಿ ರೊಟ್ಟಿ, ಶೇಂಗಾ ಚಟ್ನಿ ಇಟ್ಟು ಕೊಟ್ಟೆ. ಅವಳು ತಟ್ಟೆಯನ್ನು ಗೋಡೆಯ ಕಡೆ ಸರಿಸಿದಳು. ಮೂರು ದಿನ ಉಪವಾಸ ಪ್ರಾರ್ಥನೆ ಹಿಡಿದಿದ್ದೇನೆ, ನೀರೂ ಕುಡಿಯುವುದಿಲ್ಲ ಎಂದಳು. ನಿತ್ರಾಣದಲ್ಲಿ ಅವಳ ದನಿ ತಗ್ಗಿತ್ತು.

"ದೇವರು ಕೊಟ್ಟಿದ್ದ ಅಕ್ಕಾ. ನಾನೇ ಉಳಿಸ್ಕೊಳ್ಳಲಿಲ್ಲ. ನನ್ನ ವಿಶ್ವಾಸ ಗಟ್ಟಿ ಇದ್ದಿದ್ರ ರೋಗ ತಿರುಗಿ ಬರ್ತಿರ್ಲಿಲ್ಲ. ಅಷ್ಟು ಮಂದಿ ಮುಂದ ನಿನ್ನ ಸಾಕ್ಷಿ ಸುಳ್ಳು ಮಾಡಿದೆ. ಅದಕ್ಕ ಮಾಫಿ ಬೇಡ್ಲಾಕತ್ತೀನಿ."

ಅವಳ ತೋಳು ನನ್ನ ಎರಡು ಬೆರಳಿನಲ್ಲಿ ಹಿಡಿಯುವಷ್ಟಿತ್ತು. ಬರಿ ಹೊಟ್ಟೆಯಲ್ಲಿ ಆ ಮಾತ್ರೆ ನುಂಗಿದರೆ ವಾಂತಿಯಾಗಿ ಹೋಗುತ್ತಿತ್ತು. ತೂಕ ಇನ್ನೂ ಇಳಿದರೆ ಉಳಿಸುವುದು ಕಷ್ಟ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ನನ್ನ ಪಾಪಕ್ಕೆ ಅವಳು ಉಪವಾಸ ಕೂತಿದ್ದಳು. ಇಷ್ಟಾದರೂ ನನ್ನ ಮನಸ್ಸು, ಬೇರೆ ಏನಾದರೂ ಹೇಳಿ ಊಟ ಮಾಡಿಸೋಣ ಎಂದೇ ದಾರಿ ಹುಡುಕಿತು. ಹುಡುಕಿದೆ. ಸಿಗಲಿಲ್ಲ.

ಹತ್ತಿರ ಕೂತು ಮೆಲ್ಲಗೆ, "ತಪ್ಪು ನಿಂದಲ್ಲ" ಎಂದೆ.

"ಏನು? ಕೇಳ್ಸಂಗಿಲ್ಲ."

ಇನ್ನೊಂದು ಸಲ ಹೇಳಿದೆ. ಅವಳು ನನ್ನ ತುಟಿ ನೋಡಿ ತಲೆಯಾಡಿಸಿ ಬಲಗಿವಿ ನನ್ನ ಕಡೆ ತಿರುಗಿಸಿದಳು. ಗುಟ್ಟಾಗಿ ಹೇಳುವ ಕಾಲ ಮುಗಿದಿತ್ತು. ಕೂಗಿದರೆ ಏಳು ಕೋಣೆಯವರೂ ಕೇಳುತ್ತಾರೆ. ಕೂಗಿದೆ.

"ಆ ಗುಳಿಗಿ ಅಣ್ಣ ಬಂದಿದ್ದ! ಮೂರು ಸಲ ಬಂದಿದ್ದ! ನೀ ಒಳಗ ಮಲ್ಕೊಂಡಿದ್ದಿ. ಊರಿಗೆ ಹೋಗ್ಯಾಳ ಅಂತ ಸುಳ್ಳು ಹೇಳಿ ನಾನೇ ತಿರುಗಿ ಕಳಿಸಿದೆ!"

ಮನೆಯವ್ವ ಓಡಿಬಂದರು. "ಯಾಕವ್ವ, ಕಾಯಿಲೆ ಮಗೀನ್ ಜೊತೆ ಜಗಳ ಆಡ್ತೀಯಾ?" ಎಂದವರು ಕೂಗಿನ ಮಾತು ಅರ್ಥವಾಗಿ ಹೊಸ್ತಿಲಲ್ಲೇ ನಿಂತರು.

ತಂಗಿ ನನ್ನ ಮುಖವನ್ನೇ ನೋಡುತ್ತಿದ್ದಳು. "ಯಾಕ?" ಎಂದು ಒಂದೇ ಮಾತು ಕೇಳಿದಳು.

"ಮಂದಿ ನನ್ನ ದೊಡ್ಡಾಕಿ ಅನ್ಲಿ ಅಂತ. ನಿನ್ನ ವಿಶ್ವಾಸ ಏನೂ ಕಮ್ಮಿ ಇರ್ಲಿಲ್ಲ ನನ್ನವ್ವಾ. ದೇವರೂ ಏನೂ ತಿರುಗಿ ತಗೊಂಡಿಲ್ಲ. ನಿನ್ನ ಕಿವಿ ಹೋಗಿದ್ದು ನನ್ನಿಂದ. ತಪ್ಪು ಮಾಡ್ದೆ. ನನ್ನ ಕ್ಷಮಿಸು."