ನೀಲವ್ವನ ಕೌದಿಯ ಒಳಪದರು

ನೀಲಾ, ನಿನ್ನ ಕೂಸನ್ನು ಸುತ್ತಿ ಮಲಗಿಸಿದ ಕೌದಿಯಲ್ಲಿ ನಿನ್ನ ಅವ್ವನ ಸೀರೆ ಇರಲಿಲ್ಲ. ಇವತ್ತಿಗೂ ಇಲ್ಲ. ಅದನ್ನು ಮಾರಿದವಳು ನಾನು — ಮರೆತಲ್ಲ, ಕಣ್ತಪ್ಪಿಯಲ್ಲ, ಗೊತ್ತಿದ್ದೇ ಮಾರಿದೆ. ನೀನು ಯಾರದೋ ಸೀರೆಯನ್ನು ಅವ್ವನದೆಂದು ಎದೆಗವಚಿಕೊಂಡಾಗಲೆಲ್ಲ ನೋಡುತ್ತ ಸುಮ್ಮನಿದ್ದೆ.

ಬಸವ್ವ ನಿನಗೆ ಹೆತ್ತವಳು, ನನಗೆ ಬಾಜು ಮನೆಯ ಚಿಗವ್ವ. ಸೂಜಿ ಹಿಡಿಯುವುದನ್ನು ನನಗೆ ಕಲಿಸಿದವಳು ಅವಳೇ. ಸಂಶಿಯ ನಮ್ಮ ಓಣಿಯಲ್ಲಿ ಊಟ ಮುಗಿದ ಮೇಲೆ ಕಟ್ಟೆಯ ಮೇಲೆ ಹಳೆಯ ಸೀರೆ, ಧೋತರ, ಅಂಗಿಗಳನ್ನು ಪದರು ಪದರಾಗಿ ಹಾಸಿ, ಅಂಚಿನಿಂದ ಹೊಲಿಯುತ್ತ ಹೊಲಿಯುತ್ತ ನಡುವಿಗೆ ಬರುತ್ತಿದ್ದಳು. ಬೆರಳಗಲದ ಚಿಂದಿಯನ್ನೂ ಬಿಸಾಡಗೊಡುತ್ತಿರಲಿಲ್ಲ. ನಿನಗೆ ಸೂಜಿ ಕಂಡರೆ ಆಗದು — ಅವಳ ಬೆನ್ನಿಗೆ ಜೋತುಬಿದ್ದು ಕೆಲಸ ಕೆಡಿಸುವುದೇ ನಿನ್ನ ಉದ್ಯೋಗ. ನನಗೋ ಅವಳ ಪಕ್ಕದಿಂದ ಏಳಲು ಮನಸ್ಸಾಗುತ್ತಿರಲಿಲ್ಲ. ಈಗಲೂ ಮಧ್ಯಾಹ್ನ ಕಟ್ಟೆಯ ಮೇಲೆ ಬಿಸಿಲು ಸರಿಯುವಾಗ ಅವಳ ಮಗ್ಗುಲಿಗೆ ಹೋಗಿ ಕೂಡಬೇಕೆನಿಸುತ್ತದೆ, ನೀಲಾ. ಎಲ್ಲಿ ಹೋಗಿ ಕೂಡಲಿ?

ಎಂಬತ್ತರ ದಶಕದ ಶುರುವಿನಲ್ಲಿ ನಾನು ಮನೆಮನೆಯ ಹಳೆ ಬಟ್ಟೆ ಕೂಡಿಸಿ, ಓಣಿಯ ಹೆಂಗಸರ ಕೈಯಲ್ಲಿ ಕೌದಿ ಹೊಲಿಸಿ ಮಾರಲು ಹೊರಟಾಗ ಊರೇ ನಕ್ಕಿತು. ತಮ್ಮ ಮನೆಯ ಹರಕು ಬಟ್ಟೆಯನ್ನು ಪರರಿಗೆ ಮಾರುವುದುಂಟೇ ಎಂದು. ಅದೇ ಹೊತ್ತಿಗೆ ನೈಲಾನ್ ಸೀರೆಗಳು ಬಂದವು. ಬೇಗ ಒಣಗುತ್ತವೆ, ಹರಿಯುವುದಿಲ್ಲ ಎಂದು ಎಲ್ಲರಿಗೂ ಅವೇ ಬೇಕು. ನನಗೆ ಸಿಗುತ್ತಿದ್ದದ್ದೂ ಅವೇ. ಸೂಜಿಯಡಿ ಜಾರುತ್ತಿದ್ದವು, ಬೆವರು ಹೀರುತ್ತಿರಲಿಲ್ಲ. ಉಟ್ಟು ಉಟ್ಟು ಮೆತ್ತಗಾದ ಹತ್ತಿ ಸೀರೆ ಕಾಣಿಸುವುದೇ ಅಪರೂಪವಾಯಿತು.

ಅಂಥ ದಿನಗಳಲ್ಲಿ ಚಿಗವ್ವ ಹೋದಳು. ನೀನು ತಂಬೂರಿನ ಗಂಡನ ಮನೆಯಲ್ಲಿ, ಚೊಚ್ಚಲ ಬಸುರಿ. ಬಸುರಿ ಹೆಂಗಸು ಹೆಣದ ಮುಖ ನೋಡಬಾರದೆಂದು ನಿನ್ನನ್ನು ಕಳಿಸಲಿಲ್ಲ. ನೀನು ಅಲ್ಲೇ ಬಾಗಿಲು ಹಿಡಿದುಕೊಂಡು ಕೂತಿದ್ದೆಯಂತೆ. ಆಮೇಲೆ ಹೆರಿಗೆಗೆಂದು ತವರಿಗೆ ಬಂದವಳು ಮೊದಲು ಕೈಗೆತ್ತಿಕೊಂಡದ್ದು ಅವಳು ಕೊನೆಗೆ ಉಟ್ಟು ಬಿಚ್ಚಿಟ್ಟ ಕರಿ ಇಲಕಲ್ ಸೀರೆಯನ್ನು. ಅಜ್ಜಿಯ ಸೀರೆಯಲ್ಲೇ ಕೂಸಿನ ಮೊದಲ ಕೌದಿ ಆಗಬೇಕಲ್ಲ. ತಂದು ನನ್ನ ಮಡಿಲಲ್ಲಿ ಇಟ್ಟು ಅಂದೆ —

"ಒಗೀಬ್ಯಾಡ ಅಕ್ಕಾ. ಹಾಂಗ ಹೊಲಿ. ಮುಖಾನಂತೂ ನೋಡಲಿಲ್ಲ, ವಾಸನೀನರ ಇರಲಿ."

ಒಗೆಯಲಿಲ್ಲ. ಕೆಂಪು ಸೆರಗನ್ನು ನಡುವಿಗೆ ಇಟ್ಟು, ಸುತ್ತ ಕರಿ ಒಡಲು ಹಾಸಿ ಹೊಲಿದೆ. ಒಲೆಯ ಕಿಡಿ ಹಾರಿ ತೂತಾದಲ್ಲಿ ಅವಳು ಬಿಳಿ ದಾರದಿಂದ ರಫು ಮಾಡಿದ್ದಳು, ನೆನಪಿದೆಯಾ, ಜೋಳದ ಕಾಳಿನಷ್ಟು — ಅದನ್ನೂ ಮೇಲೆಯೇ ಕಾಣುವಂತೆ ಇಟ್ಟೆ. ನಾನು ಹೊಲಿದವುಗಳಲ್ಲಿ ಅಷ್ಟು ಚೆಂದದ್ದು ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ.

ಅದನ್ನು ಬಿಸಿಲಿಗೆ ಹಾಕಿದ್ದ ದಿನವೇ ಹುಬ್ಬಳ್ಳಿಯ ಅಂಗಡಿಯವರು ಬಂದರು. ನನ್ನ ನೈಲಾನ್ ಕೌದಿಗಳನ್ನು ಕಾಲ ಬೆರಳಿಂದ ಸರಿಸಿ ಎದ್ದು ಹೊರಟವರು ಅಂಗಳದಲ್ಲಿ ನಿಂತುಬಿಟ್ಟರು.

"ಇದನ್ನ ಕೊಟ್ರ ನಿಮ್ಮ ಜೋಡಿ ವ್ಯಾಪಾರ, ಅಕ್ಕಾರ. ಇಲ್ಲಾಂದ್ರ ಬ್ಯಾಡ."

ಇದು ಕೊಡುವುದಲ್ಲ ಎನ್ನಬೇಕಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ — ಆದರೆ ನಕ್ಕವರ ಮುಖಗಳು ಕಣ್ಣ ಮುಂದೆ ಬಂದವು, ನನ್ನನ್ನು ನಂಬಿ ಕೂತ ಹೆಂಗಸರು ಬಂದರು... ಇಲ್ಲ, ಅವರ ಹೆಸರಿನ ಹಿಂದೆ ಅವಿತುಕೊಳ್ಳುವುದು ಬೇಡ. ನನಗೆ ಗೆಲ್ಲಬೇಕಿತ್ತು. ಮಡಚಿ ಕೊಟ್ಟೆ.

ಹಳೆ ಬಟ್ಟೆಗೆ ಸ್ಟೀಲ್ ಭಾಂಡೆ ಕೊಡುತ್ತ ಊರೂರು ತಿರುಗುವಾಕೆಯ ಗಂಟಿನಲ್ಲಿ ಅಂಥದೇ ಕರಿ ಇಲಕಲ್ ಸಿಕ್ಕಿತು. ಯಾವ ಊರಿನ ಯಾವ ತಾಯಿ ಉಟ್ಟದ್ದೋ. ಅಂಟವಾಳಕಾಯಿಯ ನೊರೆಯಲ್ಲಿ ತಿಕ್ಕಿ ತಿಕ್ಕಿ ಒಗೆದು, ಅದೇ ಅಳತೆಗೆ ಹೊಲಿದು, ನೀನು ಹೆತ್ತ ಮೇಲೆ ಬಾಣಂತಿ ಕೋಣೆಗೆ ತಂದೆ. ನೀನು ಮೊದಲು ಮೂಸಿ ನೋಡಿದೆ. ಹಸಿ ಕೂಸಿನ ಮೈಗೆ ಹತ್ತುವುದಲ್ಲವಾ, ಅದಕ್ಕೇ ಒಗೆದೆ ಎಂದು ನೀನು ಕೇಳುವ ಮೊದಲೇ ನಾನು ಹೇಳಿದೆ. ನೀನು ತಲೆಯಾಡಿಸಿ, ಬೆರಳಿಂದ ತಡವುತ್ತ ತಡವುತ್ತ ಕೇಳಿದೆ —

"ಅವ್ವ ರಫು ಮಾಡಿದ್ದು ಎಲ್ಲೈತಿ ಅಕ್ಕಾ?"

"ಒಳಗ ಐತಿ. ಒಳಪದರಿಗೆ ಹೋಗೇತಿ."

ನೀನು ನಂಬಿದೆ. ನಂಬಿ, ಕೂಸನ್ನು ಅದರೊಳಗೆ ಸುತ್ತಿ, ಕಣ್ಣು ಮುಚ್ಚಿಕೊಂಡು ಕೆನ್ನೆ ಹಚ್ಚಿದೆ. ನಾನು ಮನೆಗೆ ಬಂದು ಹಿತ್ತಲಲ್ಲಿ ಕೂತು ಅತ್ತೆ. ಅತ್ತು ಬಂದು ಹೇಳಬಹುದಿತ್ತು. ಹೇಳಲಿಲ್ಲ.

ಒಂದು ವಾರ ತಡೆದು ಹುಬ್ಬಳ್ಳಿಯ ಅಂಗಡಿಗೆ ಹೋಗಿ ಆ ಕೌದಿಯನ್ನು ವಾಪಸು ಕೇಳಿದೆ. ಯಾರೋ ದೂರದವರು ಕೊಂಡುಹೋದರೆಂದರು. ಆಮೇಲೆ ನನ್ನ ಕೆಲಸ ಕೈಹತ್ತಿತು. ಪ್ರತಿ ಮನೆಯ ಬಟ್ಟೆಯನ್ನು ಬೇರೆ ಗಂಟು ಕಟ್ಟಿಸಿದೆ, ಒಬ್ಬರದು ಇನ್ನೊಬ್ಬರದಕ್ಕೆ ಬೆರೆಯಬಾರದೆಂದು ಹೆಂಗಸರಿಗೆ ಬೈದು ಬೈದು ಹೇಳಿದೆ. ಹೊಸ ನೂಲು, ಹೊಸ ಬಣ್ಣ ಬೇಡದೆ ಹಳೆಯದಕ್ಕೆ ಜೀವ ಕೊಟ್ಟವಳೆಂದು ಈಗ ನನಗೆ ಶಾಲು ಹೊದಿಸುತ್ತಾರೆ. ಹೊದಿಸುವಾಗಲೆಲ್ಲ ನನ್ನ ಮನಸ್ಸು ಎಲ್ಲೋ ಒಂದು ಪರಊರಿನ ಮನೆಯಲ್ಲಿ ಇರುತ್ತದೆ. ಅಲ್ಲಿ ಯಾರು ಅದನ್ನು ಹೊದ್ದಿದ್ದಾರೆ, ಇನ್ನೂ ಹೊದ್ದಿದ್ದಾರೋ ಅಥವಾ ನೆಲ ಒರೆಸಿ ಎಸೆದರೋ... ಒಮ್ಮೆ ಮುಟ್ಟಿದರೆ ಸಾಕೆನಿಸುತ್ತದೆ. ಅವಳು ನನಗೂ ಅವ್ವನೇ ಆಗಿದ್ದಳು, ನೀಲಾ. ಅಂಥವಳನ್ನು ಮಾರಿದೆನಲ್ಲ.

ಈಗ ನಿನ್ನ ಮಗಳು ಬಸುರಿ. ಹೋದ ವಾರ ನೀನು ಆ ಕೌದಿಯನ್ನು ತಂದುಕೊಟ್ಟು, ಬಿಚ್ಚಿ, ಒಳಗಿನ ರಫು ಇರುವ ತುಂಡನ್ನಷ್ಟೇ ತೆಗೆದು ಹೊಸ ಕೂಸಿನ ಕೌದಿಗೆ ಹಚ್ಚಿಕೊಡು ಅಂದೆ. ಆ ತುಂಡನ್ನು ಇಷ್ಟು ವರ್ಷ ಕಣ್ಣಿಂದ ನೋಡದೆ ಬರೀ ನನ್ನ ಮಾತಿನ ಮೇಲೆ ಕಾದಿಟ್ಟುಕೊಂಡಿದ್ದೆ ನೀನು.

ನಾನು ಏನು ಮಾಡಿದೆ ಗೊತ್ತೇ? ನಿನ್ನೆ ಮಧ್ಯಾಹ್ನ ಒಳಪದರು ಬಿಚ್ಚಿ, ಆ ಪರರ ಸೀರೆಗೆ ಊದುಬತ್ತಿಯಿಂದ ತೂತು ಸುಟ್ಟು, ಬಿಳಿ ದಾರ ಪೋಣಿಸಿದೆ. ಅವಳ ಕೈ ಹೇಗೆ ಓಡುತ್ತಿತ್ತೆಂದು ನನ್ನ ಬೆರಳುಗಳಿಗೆ ಗೊತ್ತಲ್ಲ — ಅರ್ಧ ತುಂಬಿತ್ತು, ಥೇಟ್ ಅವಳದೇ. ನೀನು ಎಂದೂ ಗುರುತು ಹಿಡಿಯುತ್ತಿರಲಿಲ್ಲ. ಅವಳು ಕಲಿಸಿದ ಕೈಯಿಂದಲೇ ಅವಳ ಮಗಳಿಗೆ ಎರಡನೆಯ ಸಲ... ಸೂಜಿ ಅಲ್ಲೇ ನಿಂತಿತು.

ನಾಳೆ ಮುಂಜಾನೆ ತಂಬೂರಿಗೆ ಬರುತ್ತೇನೆ. ಕೌದಿಯನ್ನು ಹಾಗೇ ತರುತ್ತೇನೆ — ಬಿಚ್ಚಿದ್ದು, ಸುಟ್ಟಿದ್ದು, ಅರ್ಧ ಹೊಲಿದದ್ದು. ನಿನ್ನ ಮನೆಯ ನೀರು ಕುಡಿಯುವ ಮೊದಲು, ಹೊಸ್ತಿಲ ಹೊರಗೆ ನಿಂತು, ಇಲ್ಲಿ ಬರೆದದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತೇನೆ. ಮಗಳ ಎದುರಿಗೇ ಹೇಳು ಅಂದರೆ ಅವಳ ಎದುರಿಗೂ ಹೇಳುತ್ತೇನೆ. ಆಮೇಲೆ ನೀನು ನನ್ನನ್ನು ಅಕ್ಕಾ ಎಂದು ಕರೆಯಬೇಕಾಗಿಲ್ಲ.