ಒಳ್ಳೆ ಎಣ್ಣಿ

ನಾನು ಸಣ್ಣಾಕಿ ಇದ್ದಾಗ ನಮ್ಮೂರು ಯಳವಿಯಲ್ಲಿ ಟ್ರ್ಯಾಕ್ಟರ್ ಇದ್ದ ಮನಿಗಳು ಎರಡೇ ಎರಡು. ಅದರಲ್ಲಿ ಒಂದು ನಮ್ಮದು. ಪೆಟ್ರೋಲಿನ ಮೇಲೆ ಚಾಲೂ ಆಗಿ ಚಿಮಣಿಎಣ್ಣಿ ಮೇಲೆ ಓಡುವ ಮುದಿ ಗಾಡಿ. ಅಂಗಳಕ್ಕೆಲ್ಲ ಅದರದೇ ವಾಸನೆ. ರೊಟ್ಟಿಯೂ ಹಾಗೇ ನಾರುತ್ತದೆ ಎಂದು ಅವ್ವ ಬೈಯುತ್ತಿದ್ದಳು. ನನಗೆ ಮಾತ್ರ ಭಾಳ ಸೇರುತ್ತಿತ್ತು, ಅದು ಅಪ್ಪನ ಅಂಗಿಯ ವಾಸನೆ.

ಎಂಜಿನ್ನಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿಗೆ ಅಪ್ಪ ‘ಕಿಡಿಡಬ್ಬಿ’ ಅನ್ನುತ್ತಿದ್ದ. ಆಗಾಗ ಅದರ ಮುಚ್ಚಳ ತೆಗೆದು, ಒಳಗಿನ ರೋಟರ್ ಎತ್ತಿ, ಕೆಳಗಿರುವ ಕಂಬಳಿ ಚೂರಿನಂಥದ್ದಕ್ಕೆ ಎರಡು ಹನಿ ಎಣ್ಣೆ ಬಿಡಬೇಕು. ಪಕ್ಕಕ್ಕೆ ಜೋಳದ ಕಾಳಿನಷ್ಟು ಗ್ರೀಸು. ಅಷ್ಟೇ ಕೆಲಸ. ಆ ಕೆಲಸ ಮನಿಮಗಳಾದ ನನ್ನದಾಗಿರಲಿಲ್ಲ, ಗಾಡಿ ರಿಪೇರಿ ಮಾಡುವ ಮೇಸ್ತ್ರಿ ದಸ್ತಗೀರ ಕಾಕಾನ ಮಗಳು ಶಮಾಳದಾಗಿತ್ತು! ನಾವಿಬ್ಬರೂ ಒಂದೇ ವಯಸ್ಸಿನವರು, ಶಾಲೆಯಲ್ಲಿ ಒಂದೇ ಸಾಲಿಗೆ ಕೂಡುವವರು.

“ಶಮಾನ ಕೈ ಭಾಳ ಹಗುರ ನೋಡು,” ಅನ್ನುತ್ತಿದ್ದ ಅಪ್ಪ.

“ನಾ ಹಾಕ್ಲೇನಪ್ಪಾ?”

“ನಿಂದು ಧಡಪಡಿ ಕೈ. ಹೋಗ, ಕಾಕಾಗ ಚಾ ತಗೊಂಡ ಬಾ. ಶಮಾಗೂ ತಾ.”

ನನ್ನ ಅಪ್ಪ, ನನ್ನ ಟ್ರ್ಯಾಕ್ಟರ್, ಅವಳಿಗೆ ನಾನು ಚಾ ಒಯ್ಯಬೇಕು! ಆ ಚಾದಲ್ಲಿ ಉಪ್ಪು ಹಾಕಲಿಲ್ಲ ಅನ್ನುವುದೇ ನನ್ನ ದೊಡ್ಡಸ್ತಿಕೆ.

ಹಿಂಗಾರಿ ಬಿತ್ತಿಗೆಯ ಹಿಂದಿನ ದಿನ ಶಮಾ ತನ್ನ ಎರಡು ಹನಿ ಬಿಟ್ಟಾದ ಮೇಲೆ ಕಾಕಾ ಅಪ್ಪನಿಗೆ ಹೇಳಿದ: “ಅಣ್ಣಾ, ಇದು ನಾಜೂಕ ಸಾಮಾನ ಐತ್ರಿ. ಹ್ಯಾಂಗ ಬೇಕ ಹಂಗ ಕರಿ ಎಣ್ಣಿ ನಡಿಯಂಗಿಲ್ಲ. ಇದಕ್ಕ ಒಳ್ಳೆ ಎಣ್ಣಿನ ಬೇಕ್ರಿ.”

ನಮ್ಮ ಕಡೆ ಅಡಿಗಿಗೆ ಹಾಕುವ ಎಣ್ಣೆಗೆ ಒಳ್ಳೆಣ್ಣಿ ಅಂತಾರೆ. ಕಾಕಾ ಅಂದದ್ದು ಮಷಿನ್ನಿಗೆ ಹಾಕುವ ಚೊಕ್ಕ ಎಣ್ಣೆ, ನನ್ನ ಕಿವಿಗೆ ಬಿದ್ದದ್ದು ಅಡಿಗಿ ಎಣ್ಣೆ. ಅಂದರೆ ಇಷ್ಟು ದಿನ ಶಮಾ ಹಾಕುತ್ತಿದ್ದುದು ತಪ್ಪು ಎಣ್ಣೆ! ನಾನು ಸರಿಯಾದದ್ದು ಹಾಕಿದರೆ ಅಪ್ಪ ನನ್ನನ್ನೇ ಕರೆಯುತ್ತಾನೆ. ಮಧ್ಯಾಹ್ನ ಎಲ್ಲರೂ ಮಲಗಿದಾಗ ಒಂದು ವಾಟಗಾ ತುಂಬ ಕುಸುಬಿ ಎಣ್ಣೆ ಒಯ್ದೆ. ಶಮಾ ಎರಡು ಹನಿ ಹಾಕಿದ್ದಳಲ್ಲ, ನಾನು ಕಿಡಿಡಬ್ಬಿಯ ಮುಚ್ಚಳ ತೆಗೆದು ದೀಪಾವಳಿಗೆ ತಲೆಗೆ ಎರೆದಂತೆ ಎರೆದೆ.

ಮರುದಿನ ಮುಂಜಾನೆ ಟ್ರ್ಯಾಕ್ಟರ್ ಕೆಮ್ಮಲೂ ಇಲ್ಲ. ಹೊಲದ ಹಸಿ ಆರುವುದರೊಳಗೆ ಬಿತ್ತಬೇಕು. ಅಪ್ಪ ಹ್ಯಾಂಡಲ್ ತಿರುವಿ ತಿರುವಿ ಬೆವೆತುಹೋದ. ಕಾಕಾ ಶಮಾಳನ್ನು ಕರೆದುಕೊಂಡು ಓಡಿಬಂದು ಮುಚ್ಚಳ ತೆಗೆದರೆ ಕಿಡಿ ಹುಟ್ಟಿಸುವ ಪಾಯಿಂಟ್ ತುಂಬ ಎಣ್ಣೆ. ಕಿಡಿ ಎಲ್ಲಿಂದ ಹಾರಬೇಕು?

“ಎಷ್ಟ ಸುರವಿದ್ಯಲೇ?” ಎಂದವನೇ ಕಾಕಾ ಶಮಾಳ ಕಪಾಳಕ್ಕೆ ಹೊಡೆದ.

ಅವಳು ಅಳಲಿಲ್ಲ. “ನಾ ಎರಡ ಹನಿನ ಹಾಕೇನಿ, ಅಬ್ಬಾ,” ಅಂದಳು, ಅಷ್ಟೇ. ಅಪ್ಪ ಎಣ್ಣೆಯಲ್ಲಿ ಬೆರಳದ್ದಿ ಮೂಸಿದ. ಆಮೇಲೆ ನನ್ನ ಕಡೆ ನೋಡಿದ. “ಇರ್ಲಿ ಬಿಡೋ ದಸ್ತಗೀರ, ಕೂಸಿಗೆ ಹೊಡೀಬ್ಯಾಡ,” ಅಂದ. ನನ್ನ ಹೆಸರು ಎತ್ತಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಪೆಟ್ರೋಲು ಅದ್ದಿದ ಅರಿವಿಯಿಂದ ಒರೆಸಿದ ಮೇಲೆ ಗಾಡಿ ಚಾಲೂ ಆಯಿತು, ಬಿತ್ತಿಗೆಯೂ ಆಯಿತು.

ಕಾಕಾ ಮತ್ತೆ ಶಮಾಳನ್ನು ಕರೆತರಲಿಲ್ಲ. ಶಾಲೆಯಲ್ಲಿ ಅವಳು ಬೇರೆ ಸಾಲಿಗೆ ಹೋಗಿ ಕುಳಿತಳು. ಎರಡು ಹನಿ ಬಿಡುವ ಕೆಲಸ ನನಗೇ ಬಂತು. ಆದರೆ ಅಪ್ಪ ನನ್ನ ಮುಂಗೈ ಹಿಡಿದೇ ಹಾಕಿಸುತ್ತಿದ್ದ. ಶಮಾಳ ಕೈಯನ್ನು ಅವನು ಒಂದು ಸಲವೂ ಹಿಡಿದಿರಲಿಲ್ಲ.

ಈಗ ಆ ಟ್ರ್ಯಾಕ್ಟರ್ ಇಲ್ಲ, ಈಗಿನ ಡೀಸೆಲ್ ಗಾಡಿಗಳಿಗೆ ಕಿಡಿಡಬ್ಬಿಯೇ ಇಲ್ಲ. ಹೋದ ವರ್ಷ ಅಪ್ಪನೂ ಹೋದ. ಮಣ್ಣು ಮಾಡುವ ದಿನ ಬಂದ ಶಮಾ ನನಗಿಂತ ಹೆಚ್ಚು ಅತ್ತಳು. ಎಷ್ಟೋ ವರ್ಷದ ಮೇಲೆ ಪಕ್ಕದಲ್ಲಿ ಕುಳಿತಿದ್ದಳು, ತಡೆಯಲಾರದೆ ಅಂದೆ: “ಶಮಾ, ಅವತ್ತ ಎಣ್ಣಿ ಸುರವಿದಾಕಿ ನಾನಽ.”

“ಗೊತ್ತೈತಿ. ಮರುದಿನಾನ ನಿಮ್ಮಪ್ಪಾರು ನಮ್ಮ ಮನಿಗೆ ಬಂದಿದ್ರು. ‘ನನ್ನ ಮಗಳದು ತಪ್ಪಾಗೇತಿ ಅವ್ವಾ, ಹೊಟ್ಟ್ಯಾಗ ಹಾಕ್ಕೋ’ ಅಂತ ನನ್ನ ಮುಂದ ಕೈಮುಗದ್ರು. ನೀನಾಗಿ ಹೇಳೂಮಟಾ ನಾ ಕೇಳಬಾರದಂತ ಆಣಿ ಹಾಕಿಸಿದ್ರು.”

ಅವರಿಬ್ಬರೂ ಅಷ್ಟು ವರ್ಷ ನಾನೇ ಹೇಳಲೆಂದು ಕಾದಿದ್ದರು. ನನ್ನ ಸಲುವಾಗಿ ಕೈಮುಗಿದ ಅಪ್ಪನನ್ನು ನಾನು ನೋಡಲೇ ಇಲ್ಲ, ಶಮಾ ನೋಡಿದ್ದಳು. ಸುಳ್ಳು ಯಾಕೆ ಹೇಳಲಿ, ಹೆಣದ ಮುಂದೆ ಕುಳಿತೂ ನನಗೆ ಅವಳ ಮೇಲೆ ಹೊಟ್ಟೆಕಿಚ್ಚಾಯಿತು.